ಕೇಳುವ ಕೋಣೆಯ ಒಪ್ಪಂದ

ಓಬರ್‌ಬಾಖ್
ಮಾರ್ಚ್ 17, ಭಾನುವಾರ

ಪ್ರೀತಿಯ ಗೆರ್ಲಿಂಡ್ ಅಕ್ಕನಿಗೆ,

ಮತ್ತೆ ಅದೇ ಕೆಟ್ಟ ಕನಸು ಬಿತ್ತು. ಕಾರ್ಮಿಕ ಮಂತ್ರಾಲಯದ ಡಾಕ್ಟರ್ ರಾಪ್ ಮೇಡಂ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ರೊಟ್ಟಿ ತರುವ ತಟ್ಟೆಯಲ್ಲಿ ನನ್ನ ಕಿವಿಯನ್ನು ತಂದಿಟ್ಟಿದ್ದರು. ಪಕ್ಕದಲ್ಲಿ ಅಲಂಕಾರಕ್ಕೆ ಒಂದೆಸಳು ಸೊಪ್ಪು. ಧಣಿ ಶೀಫೆಲೆ ಅದರ ಮೇಲೆ ಕಾರ್ಖಾನೆಯ ಮೊಹರು ಒತ್ತಿದರು. ನಮ್ಮ ಕಾರ್ಮಿಕ ಸಂಘದ ಎರ್ದಾಲ್ ಮಾತ್ರ, "ಇದನ್ನ ಕುಯ್ದಿದ್ದು ಕೆಲಸದ ವೇಳೇಲೋ, ರಜಾ ದಿನಾನೋ? ರಜಾ ಆದ್ರೆ ಒಂದೂವರೆ ಪಟ್ಟು ಕೂಲಿ ಆಗುತ್ತೆ" ಎಂದು ವಾದಕ್ಕೆ ನಿಂತಿದ್ದ. ಎಚ್ಚರವಾದಾಗ ಮೊದಲು ಎರಡೂ ಕಿವಿ ಮುಟ್ಟಿ ನೋಡಿಕೊಂಡೆ. ಇದ್ದವು.

ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ನಿನ್ನ ಸೊಂಟ ಹೇಗಿದೆ? ಫ್ಲೆನ್ಸ್‌ಬುರ್ಗಿನ ಸಮುದ್ರದ ಗಾಳಿ ಸೊಂಟಕ್ಕೆ ಒಳ್ಳೆಯದು ಎಂದು ಔಷಧಿ ಅಂಗಡಿಯವಳು ಹೇಳಿದಳು, ಕೆಟ್ಟದ್ದು ಎಂದು ಬೇಕರಿಯವಳು ಹೇಳಿದಳು. ಇಬ್ಬರ ಮಾತೂ ಕೇಳಿ ನನಗೆ ಚಿಂತೆ ಹತ್ತಿದೆ. ಎಂಟನೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟವಳ ಬರಹ ಇದು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನೀನು ಮೂವತ್ತೊಂದು ವರ್ಷ ಕೂತಿದ್ದ ಕೇಳುವ ಕೋಣೆ ಈಗಲೂ ಹಾಗೆಯೇ ಇದೆ. ಅದೇ ದಪ್ಪ ಬಾಗಿಲು, ಆರು ಸ್ಟೂಲು, ಆರು ಹೆಂಗಸರು. ಆಸ್ಪತ್ರೆಯ ಮಂಚ ಎತ್ತಿ ಇಳಿಸುವ ಗೇರ್‌ಪೆಟ್ಟಿಗೆಗಳನ್ನು ಒಂದೊಂದಾಗಿ ತಿರುಗಿಸಿ, ಕಿವಿ ಹಚ್ಚಿ, "ಒಳ್ಳೇದು", "ಕೆಟ್ಟದ್ದು" ಎಂದು ಬೇರ್ಪಡಿಸುವುದೇ ಈಗಲೂ ನಮ್ಮ ಕೆಲಸ. ಹೋದ ವರ್ಷ ಏಳನೆಯವಳಾಗಿ ಒಂದು ಯಂತ್ರ ಬಂತು. ಮೈಕು, ಕಂಪ್ಯೂಟರು, ಒಂದು ಹಸಿರು ದೀಪ, ಒಂದು ಕೆಂಪು ದೀಪ. ಅದು ನಮ್ಮ ಹಾಗೆ ಕೇಳಲು ಕಲಿಯುತ್ತದಂತೆ.

ಆದರೆ ಕೆಲಸಗಾರರ ಮೇಲೆ ಕಣ್ಣೋ ಕಿವಿಯೋ ಇಡಬಲ್ಲ ಯಾವ ಯಂತ್ರವನ್ನೂ ಕಾರ್ಮಿಕರ ಮಂಡಳಿ ಸಹಿ ಹಾಕದೆ ಕೆಲಸಕ್ಕೆ ಹಚ್ಚುವಂತಿಲ್ಲ, ಪಾಠಕ್ಕೆ, ಪರೀಕ್ಷೆಗೆ ಮಾತ್ರ ಬಳಸಬಹುದು. ಆ ಮಂಡಳಿಯಲ್ಲಿ ನಮ್ಮ ವಿಭಾಗದ ಸಹಿ ನನ್ನದು. ನನ್ನನ್ನು ಆರಿಸಿದ್ದು ನನ್ನ ಜಾಣತನಕ್ಕಲ್ಲ, ಎದುರಿಗೆ ನಿಂತವನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ, ಅದಕ್ಕೆ.

ಸರ್ಕಾರ ಇದನ್ನು ಮಾದರಿ ಯೋಜನೆ ಎಂದು ಕರೆಯಿತು. ಮಂತ್ರಾಲಯ, ಧಣಿ, ಸಂಘ, ಮೂವರೂ ಒಂದೇ ಮೇಜಿಗೆ ಕೂತು ಒಪ್ಪಂದ ಮಾಡಬೇಕು. ಮೊದಲ ಸಭೆ ಪೂರ್ತಿ ಬ್ರೆಟ್ಸೆಲ್‌ನಲ್ಲೇ ಮುಗಿಯಿತು. ಧಣಿ ತರಿಸಿದ್ದನ್ನು ಡಾಕ್ಟರ್ ರಾಪ್ ಮುಟ್ಟುವಂತಿಲ್ಲ, ಸರ್ಕಾರಿ ನಿಯಮ. ಎರ್ದಾಲ್ ಮುಟ್ಟುವುದಿಲ್ಲ, ಅವನ ನಿಯಮ. ಎರಡನೆಯ ಸಭೆಯಿಂದ ಮೂರು ಬುಟ್ಟಿ ಬಂದವು. ಅರ್ಧ ಗಂಟೆಯಲ್ಲಿ ಮೂವರ ಕೈಯೂ ಪಕ್ಕದವರ ಬುಟ್ಟಿಯಲ್ಲಿತ್ತು.

ಡಾಕ್ಟರ್ ರಾಪ್ ಹಳದಿ ಕಾರ್ಡು ಹಂಚಿ, "ನಿಮಗಿರೋ ಭಯಗಳನ್ನ ಬರೀರಿ, ಒಂದು ಕಾರ್ಡಿಗೆ ಒಂದೇ ಭಯ" ಎಂದರು. ಉಳಿದವರು ಒಂದೋ ಎರಡೋ ಬರೆದರು. ನಾನು ನಲವತ್ತು ಬರೆದು, ಇನ್ನೂ ಕಾರ್ಡು ಇದೆಯೇ ಎಂದು ಕೇಳಿದೆ. ಶೀಫೆಲೆ ಕನ್ನಡಕ ತೆಗೆದು ನನಗೆ, "ಫ್ರೌ ಬೊಸ್ಲರ್, ಇಷ್ಟು ವರ್ಷ ನಿಮಗೆ ಸಂಬಳ ಕೊಟ್ಟಿದ್ದು ಕೇಳೋದಕ್ಕೋ, ಹೆದರೋದಕ್ಕೋ?" ಎಂದರು.

ಮೈಕಿನ ವಿಷಯಕ್ಕೇ ನಾಲ್ಕು ತಿಂಗಳು ಹಿಡಿಯಿತು. ಸ್ಲಾವಿಕಾ ನಿನಗೆ ನೆನಪಿದ್ದಾಳಲ್ಲ, ನನ್ನ ಪಕ್ಕದ ಸ್ಟೂಲಿನವಳು. ಗೇರ್ ತಿರುಗಿಸುತ್ತಾ ದಿನವಿಡೀ ಧಣಿಯನ್ನು ಬೈಯುವುದು ಅವಳ ಅಭ್ಯಾಸ. ಅದೆಲ್ಲ ಯಂತ್ರಕ್ಕೆ ಕೇಳಿಸಿದರೆ ಏನು ಗತಿ? ಕೊನೆಗೆ ಒಂಬತ್ತನೆಯ ಕಲಮು ಬರೆಸಿದೆವು. ಮನುಷ್ಯರ ಮಾತು ಕಿವಿಗೆ ಬಿದ್ದರೆ ಯಂತ್ರ ಅದನ್ನು ಮೂರು ಸೆಕೆಂಡಿನೊಳಗೆ ಮರೆಯತಕ್ಕದ್ದು.

"ನನ್ನ ಗಂಡನೂ ಮೂರು ಸೆಕೆಂಡಿಗೇ ಮರೀತಾನೆ ಕಣೇ," ಎಂದಳು ಸ್ಲಾವಿಕಾ, "ಅವನಿಗೆ ಯಾವ ಮಂತ್ರಾಲಯನೂ ಸಹಾಯಧನ ಕೊಡಲಿಲ್ಲ."

ಇಷ್ಟೆಲ್ಲ ಆಗಿ ಒಪ್ಪಂದ ಒಂದು ಹದಕ್ಕೆ ಬಂತು. ಸರ್ಕಾರದ ನೆರವು, ಧಣಿಯ ಯಂತ್ರ, ನಾವು ಆರೂ ಜನರನ್ನು ನಿವೃತ್ತಿಯವರೆಗೆ ಕೆಲಸದಿಂದ ತೆಗೆಯುವುದಿಲ್ಲ ಎಂಬ ಮಾತು, ಮೂರೂ ಒಂದೇ ಕಾಗದದಲ್ಲಿ ಹೆಣೆದುಕೊಂಡಿದ್ದವು. ಒಂದು ಎಳೆ ಕಿತ್ತರೆ ಮೂರೂ ಬಿಚ್ಚಿಕೊಳ್ಳುತ್ತಿದ್ದವು. ಯಂತ್ರಕ್ಕೆ ಪಾಠ ಹೇಳುವವರು ಯಾರು ಎಂಬ ಪ್ರಶ್ನೆ ಬಂದಾಗ, ಅಷ್ಟು ತಿಂಗಳಲ್ಲಿ ಮೊದಲ ಸಲ, ಮೂವರೂ ಒಂದೇ ಉಸಿರಿಗೆ ನನ್ನ ಹೆಸರು ಹೇಳಿದರು. ಮೂರು ಸಾವಿರ ಪೆಟ್ಟಿಗೆ ಕೇಳಿ ಹೇಳಿದೆ. ಯಂತ್ರ ಪಕ್ಕದಲ್ಲಿ ಕೂತು ಕಲಿಯಿತು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ನನ್ನ ಮಾತನ್ನೇ ಹೇಳಿತು. ಡಾಕ್ಟರ್ ರಾಪ್ ಕಣ್ಣೊರೆಸಿಕೊಂಡರು.

ಎಲ್ಲ ಸರಿಹೋದದ್ದೇ ನನಗೆ ಹೊಸ ಚಿಂತೆಯಾಯಿತು.

ಜನವರಿಯಲ್ಲಿ ಒಂದು ದಿನ ಸ್ಲಾವಿಕಾ ಒಂದು ಪೆಟ್ಟಿಗೆ ತಿರುಗಿಸಿ ಮುಖ ಕಿವಿಚಿ, "ಏ ಇರ್ಮಿ, ಇದು ಕೀರ್ ಅಂತಿದೆಯಲ್ಲೇ" ಎಂದಳು. ನಾನು ಕೇಳಿದೆ, ಏನೂ ಇರಲಿಲ್ಲ. ಯಂತ್ರಕ್ಕೆ ಕೊಟ್ಟೆವು, ಹಸಿರು ದೀಪ ಹತ್ತಿತು.

"ನೀನೂ ಸರಿ ಅಂತೀಯ, ಅದೂ ಸರಿ ಅನ್ನುತ್ತೆ. ಹಾಗಾದ್ರೆ ನನ್ನ ಕಿವೀಲೇ ಗುಗ್ಗೆ ತುಂಬಿರ್ಬೇಕು" ಎಂದು ಅವಳು ಮರುದಿನವೇ ಡಾಕ್ಟರ ಹತ್ತಿರ ಹೋಗಿ ಎರಡೂ ಕಿವಿ ತೊಳೆಸಿಕೊಂಡು ಬಂದಳು. ಬಂದು ಅದೇ ಪೆಟ್ಟಿಗೆ ತಿರುಗಿಸಿ, "ಅಯ್ಯಯ್ಯೋ, ಈಗ ಇನ್ನೂ ಜೋರಾಗಿ ಕೀರ್ ಅಂತಿದೆ" ಎಂದಳು.

ನಾನು ಯಾರಿಗೂ ಹೇಳದೆ ಉಲ್ಮ್ ಪಟ್ಟಣದ ಕಿವಿ ಡಾಕ್ಟರ ಹತ್ತಿರ ಹೋದೆ. ನಮ್ಮೂರಿನ ಡಾಕ್ಟರ ಬಳಿ ಹೋದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಬೇಕರಿ ಮುಟ್ಟಿರುತ್ತದೆ. ಅಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ, ಶಬ್ದ ಬಂದಾಗ ಗುಂಡಿ ಒತ್ತಿ ಎಂದರು. ಒತ್ತಿದೆ. ಆಮೇಲೆ ಶಬ್ದಕ್ಕಾಗಿ ಬಹಳ ಹೊತ್ತು ಕಾದೆ. ಡಾಕ್ಟರು ಬಾಗಿಲು ತೆರೆದು, "ಮುಗೀತಮ್ಮಾ, ಆಗಲೇ ಮುಗೀತು" ಎಂದರು. ಸಣ್ಣ ಕೀರಲು ದನಿ ನನ್ನ ಎಡಗಿವಿಗೆ ಇಲ್ಲವೇ ಇಲ್ಲವಂತೆ, ಬಲಗಿವಿಗೆ ಇದ್ದೂ ಇಲ್ಲದ ಹಾಗಂತೆ.

ಬಸ್ಸಿನಲ್ಲಿ ಬರುವಾಗ ಅರ್ಥವಾಯಿತು, ಅಕ್ಕ. ಯಂತ್ರ ನನ್ನಿಂದ ಕೇಳುವುದನ್ನಷ್ಟೇ ಕಲಿತಿರಲಿಲ್ಲ, ಕೇಳದಿರುವುದನ್ನೂ ಕಲಿತಿತ್ತು. ನನ್ನ ಕಿವುಡನ್ನು ಅದಕ್ಕೆ ಅಂಟಿಸಿಬಿಟ್ಟಿದ್ದೆ. ಕೀರುವ ಗೇರಿನ ಹಲ್ಲು ಒಂದಲ್ಲ ಒಂದು ದಿನ ಮುರಿಯುತ್ತದೆ, ಆಗ ಮಂಚದ ಮೇಲೆ ಯಾರೋ ಮಲಗಿರುತ್ತಾರೆ.

ಹೇಳಿದರೆ ಒಪ್ಪಂದ ಬಿಚ್ಚಿಕೊಳ್ಳುತ್ತದೆ, ಆರು ಜನರ ಕೆಲಸ ಗಾಳಿಗೆ. ಹೇಳದಿದ್ದರೆ ಮಂಚ. ಮೊದಲು ಎರ್ದಾಲ್‌ಗೆ ಹೇಳಿದೆ. "ನಿನ್ನ ದಮ್ಮಯ್ಯ ಇರ್ಮಿ, ಗುರುವಾರ ಸಹಿ ಆಗೋವರೆಗೆ ಬಾಯಿ ಮುಚ್ಕೊಂಡಿರು, ಆಮೇಲೆ ನಿಧಾನಕ್ಕೆ ಸರಿ ಮಾಡೋಣ" ಎಂದ. ಶೀಫೆಲೆಗೆ ಹೇಳಿದೆ. "ಗುರುವಾರ ಕಳೀಲಿ" ಎಂದರು. ಡಾಕ್ಟರ್ ರಾಪ್‌ಗೆ ಫೋನ್ ಮಾಡಿದೆ. ಅವರಿಗೂ ಹೇಳಿದೆ. ನನಗೆ ಕೇಳಿಸುತ್ತಿಲ್ಲವೋ, ಅವರೇ ಮಾತಾಡುತ್ತಿಲ್ಲವೋ ಎಂದು ಗಾಬರಿಯಾಯಿತು. ಆಮೇಲೆ, "ಆಹ್ವಾನ ಪತ್ರಿಕೆ ಎಲ್ಲ ಹೋಗಿಬಿಟ್ಟಿದೆ ಫ್ರೌ ಬೊಸ್ಲರ್" ಎಂದರು. ಮೂರು ಕಡೆಯವರನ್ನು ಒಂದೇ ಮಾತಿಗೆ ತರಲು ಸರ್ಕಾರ ಹನ್ನೊಂದು ತಿಂಗಳು ಹೆಣಗಿತ್ತು. ನಾನು ಒಂದೇ ಮಧ್ಯಾಹ್ನದಲ್ಲಿ ತಂದುಬಿಟ್ಟೆ.

ಗುರುವಾರ ಕಾರ್ಖಾನೆಯ ಊಟದ ಮನೆಯಲ್ಲಿ ಇನ್ನೂರು ಜನ. ಸ್ಟುಟ್‌ಗಾರ್ಟ್‌ನಿಂದ ದೊಡ್ಡ ಅಧಿಕಾರಿ, ಫೋಟೋದವರು, ಆಲೂಗಡ್ಡೆ ಸಲಾಡು, ಸಹಿಯ ಮೇಜಿನ ಪಕ್ಕದಲ್ಲಿ ನಮ್ಮ ಯಂತ್ರ. ನನ್ನ ಕೈಗೆ ಪೆನ್ನು ಕೊಟ್ಟರು. ಕೈ ಜಾರಿ ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಯಾರ ಮುಖವೂ ಕಾಣುತ್ತಿರಲಿಲ್ಲವಲ್ಲ, ಆ ಧೈರ್ಯದಲ್ಲಿ ಮೇಜಿನ ಕೆಳಗಿನಿಂದಲೇ ಹೇಳಿಬಿಟ್ಟೆ, "ಯಂತ್ರ ಕಿವುಡು. ನನ್ನಿಂದ ಬಂದದ್ದು."

ಎಲ್ಲರೂ ನಕ್ಕರು. ಅಧಿಕಾರಿ ಚಪ್ಪಾಳೆ ಕೂಡ ತಟ್ಟಿದರು. ಆಗ ಸ್ಲಾವಿಕಾ ಆ ಜನವರಿಯ ಪೆಟ್ಟಿಗೆ ತಂದು, ಯಂತ್ರದ ಮೈಕಿಗೂ ಭಾಷಣದ ಮೈಕಿಗೂ ನಡುವೆ ಇಟ್ಟು ತಿರುಗಿಸಿದಳು. ಇನ್ನೂರು ಜನ ಒಟ್ಟಿಗೆ ಹಲ್ಲು ಕಚ್ಚಿ, ಭುಜ ಮೇಲೆಳೆದು, ಕಿವಿ ಮುಚ್ಚಿಕೊಂಡರು. ಇಡೀ ಊಟದ ಮನೆಯಲ್ಲಿ ಆರಾಮವಾಗಿ ಇದ್ದವರು ಇಬ್ಬರೇ, ನಾನು ಮತ್ತು ಯಂತ್ರ. ಹಸಿರು ದೀಪ ಹತ್ತಿತು.

ಅಧಿಕಾರಿ ಕಿವಿಯಿಂದ ಕೈ ತೆಗೆದು, "ಈ ದೀಪ ಏನು ಹೇಳ್ತಿದೆ?" ಎಂದು ಕೇಳಿದರು. ಶೀಫೆಲೆ ಸಲಾಡಿನ ಕಡೆ ನೋಡಿದರು.

ಅವತ್ತು ಸಹಿ ಆಗಲಿಲ್ಲ. ಇನ್ನೂ ಮೂರು ವಾರ, ಇನ್ನೂ ಮೂರು ಬುಟ್ಟಿ. ಮೊನ್ನೆ ಆಯಿತು. ಇನ್ನು ಮುಂದೆ ಯಂತ್ರಕ್ಕೆ ಯಾವಾಗಲೂ ಮೂವರು ಒಟ್ಟಿಗೆ ಪಾಠ ಹೇಳಬೇಕು, ಆ ಮೂವರ ಕಿವಿಯನ್ನು ವರ್ಷಕ್ಕೊಮ್ಮೆ ಕೆಲಸದ ವೇಳೆಯಲ್ಲೇ ಪರೀಕ್ಷಿಸಬೇಕು. ಹಾಗಾಗಿ ಕೇಳುವ ಹೆಂಗಸರು ಬೇಕೇ ಬೇಕು. ಯಾರ ಕೆಲಸವೂ ಹೋಗಲಿಲ್ಲ. ನನ್ನ ಸ್ಟೂಲಿಗೆ ಮಾತ್ರ ಬೇರೆಯವಳು ಬಂದಿದ್ದಾಳೆ. ನನ್ನನ್ನು ಆಫೀಸಿನಲ್ಲಿ ಕೂರಿಸಿ, ಹೊಸ ಯಂತ್ರ ಬರುವ ಮೊದಲು ಏನೇನು ಕೆಡಬಹುದೆಂದು ಪಟ್ಟಿ ಮಾಡಲು ಹೇಳಿದ್ದಾರೆ. ಸ್ಲಾವಿಕಾ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಬಂದು, "ಸುಮ್ ಸುಮ್ನೆ ಕಿವಿ ತೊಳೆಸಿದ್ಯಲ್ಲೇ ನನಗೆ" ಎಂದು ತೋಳು ಚಿವುಟಿ ಹೋದಳು.

ನಿನ್ನ ಸೊಂಟ ಬೇಗ ನೆಟ್ಟಗಾಗಲಿ. ಮೊಮ್ಮಗಳು ಫ್ರೌಕೆಗೆ ಚಿಕ್ಕಜ್ಜಿಯ ಮುತ್ತು. ದೇವರು ನಿಮ್ಮನ್ನೆಲ್ಲ ಬೆಚ್ಚಗೆ ಇಟ್ಟಿರಲಿ, ಗಾಳಿಗೆ ಕಿಟಕಿ ಮುಚ್ಚಿಯೇ ಮಲಗಿ.

ನಿನ್ನ ತಂಗಿ,
ಇರ್ಮ್‌ಗಾರ್ಡ್

ಮರೆತ ಮಾತು: ಮರೆತದ್ದಲ್ಲ, ಇಡೀ ಕಾಗದ ಬರೆದದ್ದೇ ಇದಕ್ಕೆ. ಎಷ್ಟು ದಿನದಿಂದ ಹೀಗೆ ಎಂದು ಉಲ್ಮ್‌ನ ಡಾಕ್ಟರನ್ನು ಕೇಳಿದೆ. "ಹತ್ತು ವರ್ಷ ಆಗಿರಬಹುದು" ಎಂದರು. ಒಂಬತ್ತು ವರ್ಷದ ಹಿಂದೆ ಆ ನಾನೂರು ಪೆಟ್ಟಿಗೆ ಬಂದಾಗ ನೀನು "ಕೀರುತ್ತಿವೆ, ಕಳಿಸಬೇಡಿ" ಎಂದೆ. ನಾನು ಎಲ್ಲರ ಮುಂದೆ "ಏನೂ ಇಲ್ಲ, ಅಕ್ಕನಿಗೆ ವಯಸ್ಸಾಯಿತು" ಎಂದೆ. ಅವರು ನನ್ನನ್ನು ನಂಬಿದರು, ನಿನ್ನನ್ನು ಎರಡು ವರ್ಷ ಮೊದಲೇ ಮನೆಗೆ ಕಳಿಸಿದರು. ನೀನು ನಿನ್ನ ಸ್ಟೂಲು ಒರೆಸಿಟ್ಟು ಹೊರಟೆ. ಬೀಳ್ಕೊಡುಗೆಗೆ ಆ ನಾನೂರರಲ್ಲೇ ಒಂದನ್ನು ಮರದ ಹಲಗೆಗೆ ಕೂರಿಸಿ, ಹಿಡಿಕೆ ಹಚ್ಚಿ ಕೊಟ್ಟಿದ್ದರು. ನಿನ್ನ ಕಪಾಟಿನ ಮೇಲೆ ಈಗಲೂ ಇದೆಯೆಂದು, ನೀನು ಅದನ್ನು ಯಾವತ್ತೂ ತಿರುಗಿಸಿಲ್ಲವೆಂದು ನಿನ್ನ ಮಗಳು ಹೇಳಿದಳು. ಅಕ್ಕ, ಅದನ್ನು ಇಳಿಸಿ ಒಮ್ಮೆ ತಿರುಗಿಸು. ಪಕ್ಕದಲ್ಲಿ ಫ್ರೌಕೆಯನ್ನೂ ಕೂರಿಸಿಕೋ, ಮಕ್ಕಳಿಗೆ ಎಲ್ಲ ಕೇಳಿಸುತ್ತದೆ. ಫೋನಿನಲ್ಲಿ ಹಿಡಿದು ತೋರಿಸಬೇಡ, ನನಗೆ ಗೊತ್ತಾಗುವುದಿಲ್ಲ. ಕೀರುತ್ತದೆಯೋ ಇಲ್ಲವೋ, ಅಷ್ಟನ್ನು ಬರೆ. ನನಗೆ ನೋವಾದೀತು ಎಂದು ಇಲ್ಲ ಅಂತ ಬರೆಯಬೇಡ, ಇಲ್ಲ ಅನ್ನಿಸಿದರೆ ಇನ್ನೊಮ್ಮೆ ತಿರುಗಿಸಿ ಕೇಳು.