ಪೂಜೆ ಮಾಡಿದ್ದನ್ನ ಒರೆಸ್ತಾರೇನೇ?

ಜೂನ್ 9

ಇವತ್ತೂ ಆಫರ್ ಮೇಲ್ ಇಲ್ಲ. ಪೋರ್ಟಲ್‌ನಲ್ಲಿ ಅದೇ ‘ಅಂಡರ್ ರಿವ್ಯೂ’. ಅಮ್ಮ ಹುರುಳಿಕಾಯಿ ಮುರಿಯುತ್ತಾ, “ರಂಜಿನಿಗೆ ಬಂತಂತೆ ಕಣೇ, ಅವರಮ್ಮ ಮಾರ್ಕೆಟ್‌ನಲ್ಲಿ ಸಿಕ್ಕಿದ್ರು” ಅಂದರು.

ಗ್ರಾಜುಯೇಟ್ ಎಂಜಿನಿಯರ್ ಟ್ರೇನಿ ಸ್ಕೀಮ್ ಇದೆ ಅಂತ ಅವಳಿಗೆ ಲಿಂಕ್ ಕಳಿಸಿದ್ದು ನಾನು. ರೆಸ್ಯೂಮೆ ತಿದ್ದಿದ್ದೂ ನಾನು. ಕಾಲೇಜಲ್ಲಿ ನಾಲ್ಕು ವರ್ಷ ಒಂದೇ ಬೆಂಚು, ಮನೆ ನಮ್ಮ ಹಿಂದಿನ ಬೀದಿ. ಅವಳೇ ಹೇಳಬಹುದಿತ್ತು.

‘ಕಂಗ್ರಾಟ್ಸ್’ ಕಳಿಸಿದೆ. ಹಾರ್ಟು ಬೇರೆ. ಹೊಟ್ಟೆಯಲ್ಲಿ ಬೆಂಕಿ.

ಜುಲೈ 3

ಹೋದ ವಾರ ನನಗೂ ಬಂತು. ವೇಟಿಂಗ್ ಲಿಸ್ಟ್‌ನಿಂದ. ಯಾರೋ ಬಿಟ್ಟೆದ್ದ ಎಲೆ.

ಇವತ್ತು ಮೊದಲ ದಿನ. ವಿಜಯನಗರದಿಂದ ಇಬ್ಬರೂ ಮೆಟ್ರೋ, ಕೆಂಗೇರಿಯಲ್ಲಿ ಕಂಪನಿ ಬಸ್ಸು. ಕ್ವಾಲಿಟಿ ಹೆಡ್ ಲಕ್ಷ್ಮೀಪತಿ ಸಾರ್ ನೇರವಾಗಿ ಹೇಳಿದರು: “ಅಳತೆ ರೂಮಿಗೆ ಒಬ್ರೇ ಸಾಕಮ್ಮ. ದಸರಾ ಆದ್ಮೇಲೆ ಇನ್ನೊಬ್ರು ಹೊಸೂರು ಪ್ಲಾಂಟು.”

ಆ ರೂಮು ನನಗೆ ಬೇಕು. ಮೈಕ್ರೋಮೀಟರ್ ಹಿಡಿದರೆ ರಂಜಿನಿ ಕೈ ನಡುಗುತ್ತೆ, ನನ್ನದು ನಡುಗಲ್ಲ. ಅದೊಂದರಲ್ಲಾದರೂ ನಾನು ಮುಂದೆ.

ಆಗಸ್ಟ್ 19

ಕಸ್ಟಮರ್ ವಿಸಿಟ್‌ಗೆ ಸಾರ್ ಕರೆದುಕೊಂಡು ಹೋಗಿದ್ದು ಯಾರನ್ನ? ಅವಳನ್ನ. “ಚೆನ್ನಾಗಿ ಮಾತಾಡ್ತಾಳೆ” ಅಂತೆ. ಮಾತಾಡೋಕೇನು, ಎಫ್‌ಎಂ ಸೇರಲಿ.

ನಾನು ಇಲ್ಲೇ ಕೂತು ಸ್ಲಿಪ್ ಗೇಜ್ ಕ್ಲಾಸ್ ಕೇಳಿದೆ. ಹೊಳೆಯೋ ಉಕ್ಕಿನ ಬಿಲ್ಲೆಗಳು. ಫ್ಯಾಕ್ಟರಿಯ ಎಲ್ಲಾ ಅಳತೆಗೂ ಅವೇ ಅಳತೆ. ಬರಿಗೈಯಲ್ಲಿ ಮುಟ್ಟಬಾರದು, ಬೆವರಿಗೂ ತುಕ್ಕು ಹಿಡಿಯುತ್ತೆ.

ಸೆಪ್ಟೆಂಬರ್ 22

ರೂಮಿನ ಬೀಗದ ಕೈ ಅವಳ ಕೈಗೆ. “ಸದ್ಯಕ್ಕೆ” ಅಂದರು ಸಾರ್. ಸದ್ಯಕ್ಕೆ ಅಂದರೆ ಏನು ಅಂತ ನನಗೆ ಗೊತ್ತಿಲ್ಲವಾ?

ಸೆಪ್ಟೆಂಬರ್ 30, ಸಂಜೆ

ಫ್ಯಾಕ್ಟರಿಯಲ್ಲಿ ಇವತ್ತೇ ಆಯುಧಪೂಜೆ. ನಾಳೆಯಿಂದ ಭಾನುವಾರದವರೆಗೆ ರಜೆ. ಲೇತುಗಳಿಗೆಲ್ಲ ಬಾಳೆಕಂದು, ಕುಂಬಳಕಾಯಿ ಒಡೆದದ್ದು, ಕಡ್ಲೆಪುರಿ. ಅಳತೆ ರೂಮಿನ ಪೂಜೆಯೂ ಅವಳದೇ. ನಾನು ಹೊರಗೆ ಕಡ್ಲೆಪುರಿ ಪೊಟ್ಟಣ ಕಟ್ಟುತ್ತಿದ್ದೆ.

ಕೆಂಗೇರಿ ಪ್ಲಾಟ್‌ಫಾರ್ಮ್‌ನಲ್ಲಿ ಕೇಳಿದಳು: “ಲೇ ಕಲಾ, ಬಾಕ್ಸ್ ತೆಗೆದು ಬಿಲ್ಲೆ ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟೆ ಕಣೇ. ನೀರಲ್ಲಿ ಕಲೆಸಿದ್ದು... ಏನಾಗಲ್ಲ ಅಲ್ವಾ? ವಾಪಸ್ ಹೋಗಿ ಒರೆಸಿ ಬರ್ಲಾ?”

ಬೆವರಿಗೂ ತುಕ್ಕು ಹಿಡಿಯುತ್ತೆ ಅಂತ ಹೇಳಿದ ಕ್ಲಾಸಿಗೆ ಅವಳಿರಲಿಲ್ಲ. ಪೂಜೆ ಮಾಡುವವರು ಬಾಕ್ಸಿನ ಮುಚ್ಚಳಕ್ಕೆ ಇಡಬೇಕು. ಬಿಲ್ಲೆಗೆ ಅಲ್ಲ.

“ಪೂಜೆ ಮಾಡಿದ್ದನ್ನ ಒರೆಸ್ತಾರೇನೇ? ಸೋಮವಾರ ನೋಡಿದ್ರಾಯ್ತು” ಅಂದೆ.

ರೈಲು ಬಂತು. ನನಗೇ ಸೀಟು ಬಿಟ್ಟುಕೊಟ್ಟಳು.

ಅಕ್ಟೋಬರ್ 3

ಬನ್ನಿ ಕೊಡೋಕೆ ನಿನ್ನೆ ಮನೆಗೆ ಬಂದಿದ್ದಳು. ಅಮ್ಮನ ಕಾಲಿಗೆ ಬಿದ್ದಳು. “ಎಷ್ಟು ನಯ ಆ ಹುಡುಗಿ!” ಅಮ್ಮ ಇವತ್ತೂ ಅದೇ ರಾಗ.

ಸಾರ್‌ಗೆ ಒಂದು ಫೋನ್ ಮಾಡಿದರೆ ಸಾಕಿತ್ತು. ಸೆಕ್ಯುರಿಟಿಯವರ ಹತ್ತಿರ ಇರೋ ಇನ್ನೊಂದು ಬೀಗದ ಕೈಯಿಂದ ರೂಮು ತೆಗೆಸುತ್ತಿದ್ದರು. ಫೋನ್ ಕೈಯಲ್ಲೇ ಇತ್ತು. ಮಾಡಲಿಲ್ಲ.

ಅಕ್ಟೋಬರ್ 6

ಕುಂಕುಮ ಇಟ್ಟ ಕಡೆಯೆಲ್ಲ ತುಕ್ಕು. ಇಡೀ ಸೆಟ್ ಹೋಯಿತು.

ಲಕ್ಷ್ಮೀಪತಿ ಸಾರ್ ಕೂಗಲಿಲ್ಲ. ಕುರ್ಚಿಯಲ್ಲಿ ಕೂತುಬಿಟ್ಟರು. “ಯಾರನ್ನಾದ್ರೂ ಒಂದ್ಮಾತು ಕೇಳೋದಲ್ವೇನಮ್ಮ?”

ಈಗ ಹೇಳುತ್ತಾಳೆ ಅಂದುಕೊಂಡೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. “ನಂದೇ ತಪ್ಪು ಸಾರ್.”

ಹೇಳಿಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

ಅಕ್ಟೋಬರ್ 17

ಆರ್ಡರ್ ಬಂತು. ರೂಮು ನನಗೆ. ಅವಳಿಗೆ ಹೊಸೂರು.

ಮೆಟ್ರೋದಲ್ಲಿ ಬೀಗದ ಕೈ ಕೊಟ್ಟಳು. ಅದಕ್ಕೊಂದು ಕೆಂಪು ದಾರ ಕಟ್ಟಿದ್ದಾಳೆ, ನಾನು ಎಲ್ಲೆಲ್ಲೋ ಇಟ್ಟು ಮರೆಯುತ್ತೀನಿ ಅಂತ. “ಸಾರ್ ಎಷ್ಟ್ ಕೇಳಿದ್ರೂ ನಿನ್ನ ಹೆಸ್ರು ಹೇಳಿಲ್ಲ ಕಣೇ. ಪಾಪ, ನಿಂಗೂ ಗೊತ್ತಿರ್ಲಿಲ್ಲ ಅಲ್ವಾ?”

“ಹೂಂ” ಅಂದೆ. ವಿಜಯನಗರ ಬಂತು, ಇಳಿದೆವು.

ಮನೆಗೆ ಬಂದು ಊಟ ಮಾಡಲಿಲ್ಲ. ಅಮ್ಮ ಕೇಸರಿಬಾತ್ ಮಾಡಿದ್ದರು, ನನಗೋಸ್ಕರ. ಬೇಕು ಅಂದಿದ್ದು ಸಿಕ್ಕಿದೆ. ಹಾಗಾದರೆ ಈ ಉರಿ ಯಾಕೆ ಆರಲ್ಲ?

ಅಕ್ಟೋಬರ್ 19

ನಾಳೆ ಬೆಳಿಗ್ಗೆ ಅವಳನ್ನ ಹೊಸೂರು ಬಸ್ಸು ಹತ್ತಿಸಬೇಕು. ಬ್ಯಾಗ್ ಹಿಡಿಯೋಕೆ ನಾನೇ ಬರ್ತೀನಿ ಅಂದಿದ್ದೀನಿ. ಆಗ ಹೇಳಿಬಿಡಬೇಕು. ಗೊತ್ತಿತ್ತು ಕಣೇ, ಗೊತ್ತಿದ್ದೇ ಹಾಗಂದೆ ಅಂತ.

ಬೈಯಲಿ. ಕೆನ್ನೆಗೆ ಹೊಡೆಯಲಿ.

ಆದರೆ ಅವಳು ಹೊಡೆಯಲ್ಲ. ಸ್ವಲ್ಪ ಅತ್ತು, ಕಣ್ಣೊರೆಸಿಕೊಂಡು, “ಹೋಗ್ಲಿ ಬಿಡೇ” ಅಂತಾಳೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಿಡುತ್ತಿರಲಿಲ್ಲ. ಜನ್ಮದಲ್ಲಿ ಬಿಡುತ್ತಿರಲಿಲ್ಲ. ಅದರಲ್ಲೂ ಅವಳೇ ಮುಂದೆ.