ಕೊಂಡೆವು ಎಂದರೆ ಏನು

ಬೆಟಗೇರಿ,
ಶ್ರಾವಣದ ನಲವತ್ತೊಂದನೆಯ ದಿನ, ೨೨೧೬

ನನ್ನ ಮುತ್ತಜ್ಜಿಯ ಮುತ್ತಜ್ಜಿ ಮಹಾನಂದಾ ಅವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ಕಂಡು ನಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ಶ್ರಾವಣ ಮುಗಿಯುವುದಿಲ್ಲ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರ ಅನ್ನಿಸಿಯಾವು. ನೀವಿನ್ನೂ ಮೂವತ್ತರ ಹರೆಯದವರು, ನಾನು ಹಲ್ಲುದುರಿದ ಮುದುಕಿ. ಆದರೂ ಹಿರಿಯರು ನೀವೇ, ಕ್ಷಮಿಸಬೇಕು. ಇದು ಹಿಮ್ಮುಖ ಟಪಾಲು, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ‘ಹಿರೇರು ಬಂಗಾರ ಎಲ್ಲಿ ಹುಗದಾರ ಕೇಳ್ರಿ ಅತ್ತಿ’ ಎಂದು ಅಳಿಯ ನನ್ನ ಬೆನ್ನು ಹತ್ತಿದ್ದಾನೆ. ನಾನು ನಾಯಿಯ ವಿಷಯ ಬರೆಯುತ್ತಿದ್ದೇನೆಂದು ಅವನಿಗೆ ಇನ್ನೂ ಹೇಳಿಲ್ಲ.

ನಮ್ಮ ಮನೆಯ ನಾಯಿಯ ಹೆಸರು ಉಪ್ಪಿಟ್ಟು. ಅದಕ್ಕೆ ಒಂದು ಕಿವಿಯಿಲ್ಲ, ಗುಡುಗಿದರೆ ನನ್ನ ಸೆರಗಿನೊಳಗೆ ತಲೆ ತೂರಿಸುತ್ತದೆ. ಅದು ಬಂದದ್ದು ಮಡಿಲುಮನೆಯಿಂದ. ದಿಕ್ಕಿಲ್ಲದ ನಾಯಿಗಳನ್ನು ಊರೇ ಸೇರಿ ಸಾಕುವ ಜಾಗಕ್ಕೆ ನಾವು ಹಾಗೆನ್ನುತ್ತೇವೆ. ನಾಯಿ ಬೇಕಾದವರು ಅಲ್ಲಿ ಚಾಪೆ ಹಾಸಿ ಸುಮ್ಮನೆ ಕೂರಬೇಕು. ಯಾವುದಾದರೂ ತಾನಾಗಿ ಬಂದು ಮಗ್ಗುಲಲ್ಲಿ ಮಲಗಿದರೆ ‘ಒಪ್ಪಿತು’ ಎಂದರ್ಥ. ನಿಮ್ಮ ಕಾಲದಲ್ಲಿ ಹೆಣ್ಣು ನೋಡಲು ಹೋಗುತ್ತಿದ್ದರಂತೆ. ಇಲ್ಲಿ ನೋಡಿಸಿಕೊಳ್ಳುವವರು ನಾವು. ಅಳಿಯ ಗರಿಗರಿ ಅಂಗಿ ತೊಟ್ಟು ವಾರಗಟ್ಟಲೆ ಕೂತು ಬಂದ, ಒಂದೂ ಮೂಸಿ ನೋಡಲಿಲ್ಲ. ಕೊನೆಗೆ ಮೊಮ್ಮಗಳು ಚಿಗರಿ ಹೋಗಿ ಚಾಪೆಯ ಮೇಲೆ ನಿದ್ದೆ ಹೋದಳು. ಎದ್ದಾಗ ಉಪ್ಪಿಟ್ಟು ಅವಳ ಕಾಲ ಮೇಲೆ ತಲೆಯಿಟ್ಟು ಮಲಗಿತ್ತು. ಅಂದಿನಿಂದ ಮನೆಯಲ್ಲಿ ಯಾರೂ ಒಬ್ಬರೇ ಕೂತು ಉಂಡದ್ದಿಲ್ಲ.

ಚಿಗರಿ ಈಗ ಹಳೆಯ ಬರಹ ಓದಲು ಕಲಿಯುತ್ತಿದ್ದಾಳೆ. ಮೊನ್ನೆ, ತಲೆಮಾರುಗಳಿಂದ ಉಳಿದುಬಂದ ನಿಮ್ಮದೊಂದು ಫೋಟೋ ಕೊಟ್ಟೆ. ಅದರಲ್ಲಿ ನಿಮ್ಮ ಮಗಳು ಬಿಳಿ ನಾಯಿಮರಿಯನ್ನು ಎದೆಗವಚಿಕೊಂಡು ನಗುತ್ತಿದ್ದಾಳೆ. ಕೆಳಗೆ ನೀವು ಬರೆದಿದ್ದೀರಿ: ‘ಹುಟ್ಟುಹಬ್ಬಕ್ಕೆ ಮರಿ ಕೊಂಡೆವು.’ ಚಿಗರಿ ಓದಿದವಳೇ ಅಳತೊಡಗಿದಳು. ‘ಅಜ್ಜೀ, ಪಾಪ, ಮರೀನ ಯಾಕ ಕೊಂದ್ರು?’ ನಾಯಿಯನ್ನು ಕೊಳ್ಳುವುದೆಂದರೆ ಏನೆಂದು ಅವಳು ಕೇಳಿಯೇ ಇಲ್ಲ. ‘ಕೊಂದೆವು’ ಎಂದು ಬರೆಯಲು ಹೋಗಿ ನೀವು ಅಕ್ಷರ ತಪ್ಪಿದ್ದೀರಿ ಎಂದುಕೊಂಡಿದ್ದಳು. ಕೊಂದದ್ದಲ್ಲ ಮಗೂ, ದುಡ್ಡು ಕೊಟ್ಟು ತಂದದ್ದು ಎಂದು ಸಮಾಧಾನ ಮಾಡಿದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು: ‘ದುಡ್ಡು ಯಾರಿಗೆ ಕೊಟ್ರು? ಅದರ ಅವ್ವಗೇನು?’

ಅಷ್ಟರಲ್ಲಿ ಅವಳೇ ಆ ಅವ್ವನನ್ನು ಫೋಟೋದಲ್ಲೇ ಹುಡುಕಿ ತೋರಿಸಿದಳು. ನಿಮ್ಮ ಮಗಳ ಹಿಂದೆ ತಂತಿಯ ಪಂಜರವಿದೆ, ಅದರ ಸಂದಿಯಿಂದ ಒಂದು ಮೂತಿ ಮರಿಯ ಕಡೆಗೆ ಚಾಚಿದೆ. ನೀವು ಗಮನಿಸಿರಲಿಕ್ಕಿಲ್ಲ, ಮಗಳ ನಗುವನ್ನು ನೋಡುತ್ತಿದ್ದಿರಿ. ಯಾವ ತಾಯಿಯಾದರೂ ಅದನ್ನೇ ನೋಡುತ್ತಾಳೆ. ಆದರೆ ಮಾರಲೆಂದೇ ಮರಿ ಹುಟ್ಟಿಸುತ್ತಿದ್ದ ಅಂಥ ಕಾರ್ಖಾನೆಗಳ ಕಥೆ ಮಡಿಲುಮನೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಬೆದೆಗೆ ಬಂದಾಗಲೆಲ್ಲ ಬಿಡುವು ಕೊಡದೆ ಮರಿ ಹಾಕಿಸುತ್ತಿದ್ದರು, ಹಾಲು ಬಿಡುವ ಮೊದಲೇ ಮರಿಗಳನ್ನು ಕಿತ್ತುಕೊಳ್ಳುತ್ತಿದ್ದರು. ಪಾದಕ್ಕೆ ಮಣ್ಣು ಸೋಕದೆ ತಂತಿಯ ಮೇಲೇ ಆ ತಾಯಂದಿರ ಆಯುಷ್ಯ ಸವೆಯುತ್ತಿತ್ತು. ಇನ್ನು ಮರಿ ಹಾಕಲಾರದು ಎಂದಾದ ಮೇಲೆ ಊರಾಚೆ ಬಿಟ್ಟುಬರುತ್ತಿದ್ದರು.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ಮಗಳ ಹುಟ್ಟುಹಬ್ಬದ ಹಿಂದಿನ ದಿನವೇ, ಆ ಫೋಟೋ ತೆಗೆಯುವ ಮೊದಲೇ, ನಿಮ್ಮ ಕೈ ಸೇರುವಂತೆ ಈ ಪತ್ರ ಕಳಿಸುತ್ತಿದ್ದೇನೆ. ನಾಳೆ ಮರಿ ಮಾರುವಲ್ಲಿಗೆ ಹೋದರೆ ದುಡ್ಡು ತೆಗೆಯಬೇಡಿ. ‘ಇದರ ತಾಯಿಯನ್ನು ತೋರಿಸಿ’ ಎಂದು ಕೇಳಿ. ಆಮೇಲೆ ಸುಮ್ಮನಿರಬೇಡಿ; ನಾಲ್ಕು ಜನಕ್ಕೆ ಹೇಳಿ, ದೂರು ಕೊಡಿ, ಆ ಪಂಜರದ ಬಾಗಿಲು ತೆಗೆಸಿ. ಕೊಳ್ಳುವವರು ಇರುವವರೆಗೆ ಆ ತಾಯಿಗೆ ಬಿಡುಗಡೆಯಿಲ್ಲ. ಬೀದಿಯಿಂದ, ಪಂಜರದಿಂದ ಬಿಡಿಸಿ ತಂದ ನಾಯಿಗಳನ್ನು ಸಾಕುವವರು ನಿಮ್ಮ ಊರಿನಲ್ಲೂ ಇದ್ದಾರು. ಮಗಳನ್ನು ಅಲ್ಲಿಗೆ ಕರೆದೊಯ್ದು ಚಾಪೆ ಹಾಸಿ ಕೂತುಕೊಳ್ಳಿ. ಮುದಿಯೋ ಕುಂಟೋ, ಯಾವುದೋ ಒಂದು ನಿಮ್ಮನ್ನು ಒಪ್ಪೀತು.

ಪತ್ರ ತಲುಪಿತೋ ಇಲ್ಲವೋ ನಮಗೆ ತಿಳಿಯುವುದು ಆ ಫೋಟೋದಿಂದ ಮಾತ್ರ. ಅಲ್ಲಿ ನೀವು ಮಾಡುವುದು ಬದಲಾದರೆ ಇಲ್ಲಿ ಅದರೊಳಗಿನ ಚಿತ್ರವೂ ಬದಲಾಗುತ್ತದೆ. ನಾನು ಬರೆಯಲು ಕೂತಾಗಿನಿಂದ, ಪತ್ರ ಇನ್ನೂ ಹೊರಟಿಲ್ಲ ಎಂದರೂ ಕೇಳದೆ, ಚಿಗರಿ ದಿನಾ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ, ಉಪ್ಪಿಟ್ಟನ್ನೂ ಎಳೆದುಕೊಂಡು ಅದರ ಮುಂದೆ ಹೋಗಿ ನಿಲ್ಲುತ್ತಾಳೆ. ನಿಮ್ಮ ಮಗಳ ನಗು ಹಾಗೇ ಇರಲಿ, ತಾಯಿ. ಹಿಂದಿನ ಪಂಜರ ಖಾಲಿಯಾಗಿದೆಯೇ ಎಂದಷ್ಟೇ ಚಿಗರಿ ನೋಡುವುದು.

ಇವತ್ತು ಆ ಮೂತಿ ಇನ್ನೂ ಅಲ್ಲೇ ಇತ್ತು.

ನಿಮ್ಮ ಕುಡಿ,
ನೀಲಾಂಬಿಕೆ