ಕಿವಿ ಮೇಷ್ಟ್ರು ಆರಿಸಿದ ಬೈಕು

ಭಾನುವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಕಾಗದ ಬಂದು ಹತ್ತಿರಹತ್ತಿರ ತಿಂಗಳಾಯಿತು. ಓದಿದ್ದೇನೆ, ಮಡಿಚಿಟ್ಟಿದ್ದೇನೆ, ಮತ್ತೆ ತೆಗೆದು ಓದಿದ್ದೇನೆ. ನೀನು ಚೆನ್ನಾಗಿದ್ದೀಯ ಎಂದು ತಿಳಿದು ಸಂತೋಷವಾಯಿತು. ನಾವೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟರೆ ಪೆನ್ನು ಮುಂದೆ ಹೋಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಅಳು ಬರುತ್ತದೆ, ನಾನು ಅತ್ತರೆ ನೀನೂ ಅಳುತ್ತೀಯ, ಹೇಳಬೇಕಾದ ವಿಷಯ ಹಾಗೇ ಉಳಿಯುತ್ತದೆ. ಇದನ್ನು ದರ್ಜಿ ಅಂಕಲ್‌ಗೆ ಓದಿ ಹೇಳಬೇಡ. ನೀನು ಎರಡನೇ ಸಲ ಕೈಹಿಡಿದವರು ಒಳ್ಳೆಯವರು, ನನಗೂ ಗೊತ್ತು. ಹೋದ ಸಲ ನಿಮ್ಮಲ್ಲಿಗೆ ಬಂದಾಗ ನನ್ನ ಹರಿದ ಚೀಲವನ್ನು ನಾನು ಕೇಳುವ ಮೊದಲೇ ಹೊಲಿದುಕೊಟ್ಟರು. ಆದರೂ ಇದು ನಮ್ಮ ಮೂವರ ಸಂಗತಿ.

ಬೈಕು ಬೆಣ್ಣೆಯ ಹಾಗೆ ಓಡುತ್ತಿದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಹಸಿ ಸುಳ್ಳು. ಬೈಕು ಅಪ್ಪನ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ. ಲ್ಯಾಬಿನ ಕೆಲಸವೂ ಹೋಯಿತು. ಇಷ್ಟು ಓದಿದ ತಕ್ಷಣ ನೀನು ಅಪ್ಪನ ಮೇಲೆ ಹರಿಹಾಯುತ್ತೀಯ. ಆ ಮನುಷ್ಯನನ್ನು ನಂಬಿ ಹೋದೆಯಲ್ಲ ಎಂದು ನನಗೂ ನಾಲ್ಕು ಬೈಯುತ್ತೀಯ. ಬೈಯುವುದಿದ್ದರೆ ಪೂರ್ತಿ ಓದಿಯಾದ ಮೇಲೆ ಬೈ.

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಬೆಳಗ್ಗೆ ಮನೆಮನೆಗೆ ಹೋಗಿ, ನಡೆಯಲಾರದವರ, ಹಾಸಿಗೆ ಹಿಡಿದವರ ರಕ್ತ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಬಿಸಿಲೇರುವುದರೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ತರಬೇತಿ ಮುಗಿಸಿ ಎಷ್ಟು ಕಡೆ ಅಲೆದ ಮೇಲೆ ಸಿಕ್ಕಿದ ಕೆಲಸ! ಅವರದು ಒಂದೇ ಷರತ್ತು, ಸ್ವಂತ ಬೈಕು ಇರಬೇಕು. ಅಪ್ಪನ ಅಂಗಡಿಗೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು, ಮನೆ ನನ್ನ ಸಂಬಳದ ಮೇಲೆಯೇ ನಿಲ್ಲಬೇಕಾಗಿತ್ತು. ನೀನು ಅಪ್ಪನಿಗೆ ತಿಳಿಯದಂತೆ ಕಳಿಸಿದ ಹಣವನ್ನು ನನ್ನದಕ್ಕೆ ಸೇರಿಸಿದರೂ ಹೊಸ ಬೈಕಿನ ಅಂಗಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಹಳೆಯದೇ ಗತಿ. ನನಗೆ ಚಿಂತೆಯಿರಲಿಲ್ಲ ಬಿಡು. ಹಳೆಯ ಬೈಕು ಆರಿಸಲು ಊರೆಲ್ಲ ಯಾರನ್ನು ಕರೆದುಕೊಂಡು ಹೋಗುತ್ತದೆಯೋ ಅವರು ನಮ್ಮ ಮನೆಯಲ್ಲೇ ಇದ್ದಾರೆ. ಮಾರ್ಕೆಟ್ಟಿನವರು ಅಪ್ಪನಿಗೆ ಕಿವಿ ಮೇಷ್ಟ್ರು ಎಂದು ಸುಮ್ಮನೆ ಹೆಸರಿಟ್ಟಿದ್ದಾರೆಯೇ? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗೆ ಯಾವ ಬೇರಿಂಗ್ ಅಳುತ್ತಿದೆ ಎಂದು ಹೇಳುವವರು. ಈಚೆಗೆ ಯಾರ ಗಾಡಿ ನೋಡಲು ಹೋದರೂ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು.

ಮೊದಲು ನೋಡಿದ್ದು ಒಬ್ಬ ಗುಮಾಸ್ತರ ಬೈಕು. ಹೊದಿಕೆ ಹಾಕಿ ಮಗುವನ್ನು ಮಲಗಿಸಿದಂತೆ ಇಟ್ಟಿದ್ದರು. ಓಡಿದ್ದು ಬಹಳ ಕಡಿಮೆ ಎಂದು ಮೀಟರ್ ತೋರಿಸಿದರು. ಅಪ್ಪ ಮೀಟರ್ ಕಡೆ ನೋಡಲೂ ಇಲ್ಲ, ಬ್ರೇಕಿನ ಪೆಡಲ್ ಮೇಲೆ ಹೆಬ್ಬೆರಳಾಡಿಸಿದರು. ಕಬ್ಬಿಣ ಸವೆದು ನುಣ್ಣಗಾಗಿತ್ತು. ಮೀಟರ್ ಬದಲಾಯಿಸಬಹುದು, ಕಾಲು ಸುಳ್ಳು ಹೇಳಲ್ಲ ಅಂದರು. ಗುಮಾಸ್ತರು ಹೊದಿಕೆ ಮತ್ತೆ ಎಳೆದುಬಿಟ್ಟರು.

ಎರಡನೆಯದು ಹಾಲಿನವರದು. ಆ ಪುಣ್ಯಾತ್ಮ ಗಾಡಿಯ ದೋಷವನ್ನೆಲ್ಲ ತಾನೇ ಹೇಳಿದ, ಒಂದನ್ನು ಬಿಟ್ಟು. ಇಂಜಿನ್ ಶುರುವಾಯಿತು, ಅಪ್ಪ ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಬಗ್ಗಿದರು. ಮೇಲ್ಭಾಗದಲ್ಲಿ ಏನೋ ಚಟಚಟ ಎನ್ನುತ್ತಿತ್ತು, ನಾನು ಮೂಗು ಮುರಿದೆ. ಅಪ್ಪ ತಲೆಯೆತ್ತಿ ನನ್ನನ್ನು ನೋಡಿ, ಬೇಡ ಕಣಮ್ಮಾ, ಇಂಜಿನ್ ಸರಿಯಿಲ್ಲ ಅಂದರು. ಈ ವಯಸ್ಸಿನಲ್ಲೂ ಎಂಥ ಕಿವಿ ಎಂದು ನಾನು ಒಳಗೊಳಗೇ ಬೀಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಮೂರನೆಯದು ಬ್ರೋಕರನ ತಗಡಿನ ಶೆಡ್ಡಿನಲ್ಲಿ. ನಾವು ಹೋಗುತ್ತಲೇ ಅಲ್ಲಿದ್ದವರೆಲ್ಲ ಎದ್ದು ನಿಂತರು. ಅಪ್ಪನ ಹತ್ತಿರ ಕೆಲಸ ಕಲಿತು ಈಗ ಸ್ವಂತ ಗ್ಯಾರೇಜು ಮಾಡಿಕೊಂಡ ಇಬ್ಬರೂ ಇದ್ದರು. ಮೇಷ್ಟ್ರು ಬಂದರು ಎಂದು ಕುರ್ಚಿ ಒರೆಸಿದರು. ಅಪ್ಪ ಅದರಲ್ಲಿ ಕೂರದೆ ಆಗಲೇ ಒಂದು ಕಪ್ಪು ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಚೈನು ಎಳೆದು ನೋಡುತ್ತಿದ್ದರು. ನೋಡಲು ಲಕ್ಷಣವಾಗಿತ್ತು, ಬೆಲೆಯೂ ನಮ್ಮ ಕೈಗೆಟುಕುವಂತಿತ್ತು. ಬ್ರೋಕರ್ ಬೆನ್ನ ಹಿಂದಿನಿಂದ ಏನು ಕುಡಿಯುತ್ತೀರಿ ಎಂದು ಕೇಳಿದ. ಅಪ್ಪ ಉತ್ತರ ಕೊಡಲಿಲ್ಲ. ಮತ್ತೆ ಕೇಳಿದ. ಮೇಷ್ಟ್ರು ಗಾಡಿ ಮುಂದೆ ಕೂತರೆ ಲೋಕವನ್ನೇ ಮರೆಯುತ್ತಾರೆ ಎಂದು ಶಿಷ್ಯರು ನಕ್ಕರು. ಅಷ್ಟರಲ್ಲಿ ಗಾಳಿಗೆ ಶೆಡ್ಡಿನ ಬಾಗಿಲು ಢಮಾರೆಂದು ಹೊಡೆದುಕೊಂಡಿತು. ನಾನು ಬೆಚ್ಚಿಬಿದ್ದೆ, ಬ್ರೋಕರ್ ಕೈಯ ಲೋಟ ಚೆಲ್ಲಿಕೊಂಡ. ಅಪ್ಪನ ಬೆನ್ನು ಒಂದಿಷ್ಟೂ ಅಲುಗಲಿಲ್ಲ, ಚೈನನ್ನು ಹಾಗೇ ಎಳೆಯುತ್ತಿದ್ದರು.

ಅಮ್ಮಾ, ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ.

ಇಂಜಿನ್ ಶುರುಮಾಡಿದರು. ಸುಮ್ಮನಿದ್ದಾಗ ಸರಿಯಾಗೇ ಇತ್ತು. ರೇಸ್ ಕೊಟ್ಟ ಕೂಡಲೇ ತಳದಿಂದ ಟಕ್ ಟಕ್ ಟಕ್ ಎಂದು ಯಾರೋ ಒಳಗಿನಿಂದ ಬಾಗಿಲು ಬಡಿದಂತೆ ಬರುತ್ತಿತ್ತು. ದಪ್ಪ ಆಯಿಲ್ ಸುರಿದು ಮುಚ್ಚಲು ನೋಡಿದ್ದಾರೆ, ಆದರೂ ಮುಚ್ಚಿಲ್ಲ. ಪಿಸ್ಟನ್ನಿಗೆ ಕೊಂಡಿಯಾದ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಾಗ ಬರುವ ಸದ್ದು ಅದು, ಒಂದಲ್ಲ ಒಂದು ದಿನ ಇಂಜಿನ್ ಜಾಮ್ ಆಗುತ್ತದೆ. ನನಗೆ ಅದನ್ನು ಕಲಿಸಿದವರೇ ಅಪ್ಪ. ಅವರು ಸ್ಕ್ರೂಡ್ರೈವರನ್ನು ಕಿವಿಗೊತ್ತಿಕೊಂಡು ತಲೆಯೆತ್ತಿ ನನ್ನ ಮುಖ ನೋಡಿದರು. ಅವರ ಹಿಂದೆ ಬ್ರೋಕರ್, ಆ ಇಬ್ಬರು ಶಿಷ್ಯರು, ಇನ್ನೂ ಯಾರ್ಯಾರೋ. ನಾನೀಗ ಈ ಇಂಜಿನ್ ಬಡಿಯುತ್ತಿದೆ ಎಂದರೆ, ಮೇಷ್ಟ್ರಿಗೆ ಕೇಳಿಸಲಿಲ್ಲ ಎಂಬ ಸುದ್ದಿ ಸಂಜೆಯೊಳಗೆ ಮಾರ್ಕೆಟ್ಟಿನ ತುಂಬ ಆಗುತ್ತದೆ. ಆಮೇಲೆ ಯಾರೂ ಅವರ ಮುಂದೆ ಒಂದು ಸೈಕಲ್ ಕೂಡ ನಿಲ್ಲಿಸುವುದಿಲ್ಲ. ನಾನು ನಕ್ಕೆ. ಬಹಳ ಚೆನ್ನಾಗಿದೆ ಎನ್ನುವ ಹಾಗೆ ಮುಖವನ್ನೆಲ್ಲ ಅರಳಿಸಿ ನಕ್ಕೆ. ಅಪ್ಪ ಎದ್ದು, ಒಳ್ಳೆ ಇಂಜಿನ್, ಕಣ್ಣುಮುಚ್ಚಿ ತಗೋ ಅಂದರು. ಶಿಷ್ಯರು ಪರಸ್ಪರ ಮುಖ ನೋಡಿಕೊಂಡರು, ಆದರೆ ಮೇಷ್ಟ್ರ ಮಾತಿನ ಮೇಲೆ ಮಾತಾಡಲಿಲ್ಲ. ನಾನು ಹಣ ಕೊಟ್ಟು ಬೈಕು ತಂದೆ.

ಪೂರ್ತಿ ಹುಚ್ಚಿಯಾಗಿರಲಿಲ್ಲ, ಲೆಕ್ಕ ಹಾಕಿಕೊಂಡೇ ತಂದಿದ್ದೆ. ಮೆಲ್ಲಗೆ ಓಡಿಸಿದರೆ ಕೆಲವು ತಿಂಗಳು ಬರುತ್ತದೆ, ಅಷ್ಟರಲ್ಲಿ ಸಂಬಳ ಕೂಡಿಟ್ಟು ಬೇರೆ ಕಡೆ ಗುಟ್ಟಾಗಿ ರಿಪೇರಿ ಮಾಡಿಸುತ್ತೇನೆ, ಅಪ್ಪನಿಗೂ ತಿಳಿಯುವುದಿಲ್ಲ, ಊರಿಗೂ ತಿಳಿಯುವುದಿಲ್ಲ ಎಂದು. ಮೊದಲ ಸಂಬಳದವರೆಗೂ ಬರಲಿಲ್ಲ. ಊರಾಚೆಯ ಬಡಾವಣೆಯಿಂದ ತುಂಬಿದ ಡಬ್ಬಿಯೊಂದಿಗೆ ಬರುತ್ತಿದ್ದೆ. ದೊಡ್ಡ ರಸ್ತೆಯಲ್ಲಿ ಇಂಜಿನ್ ಕಿರ್ರೆಂದು ಹಿಡಿದುಕೊಂಡಿತು, ಹಿಂದಿನ ಚಕ್ರ ಜಾರಿತು. ಮೊಣಕೈ ತರಚಿತು ಅಷ್ಟೇ, ಗಾಬರಿಯಾಗಬೇಡ. ಗಾಡಿ ನಿಲ್ಲಿಸಿ ಡಬ್ಬಿ ಒಯ್ಯಿರಿ ಎಂದು ಯಾರನ್ನು ಬೇಡಿದರೂ ರಕ್ತ ಎಂದ ಕೂಡಲೇ ಮುಖ ತಿರುಗಿಸಿದರು. ಒಂದು ಟೆಂಪೋ ಸಿಕ್ಕಿ ಲ್ಯಾಬು ತಲುಪುವಾಗ ಮಂಜುಗಡ್ಡೆ ನೀರಾಗಿತ್ತು. ಅಷ್ಟನ್ನೂ ಚೆಲ್ಲಿದರು. ಆ ಪೈಕಿ ಒಬ್ಬ ಅಜ್ಜಿಯ ರಕ್ತವಿತ್ತು. ಅವರಿಗೆ ನರವೇ ಸಿಗುವುದಿಲ್ಲ, ಎರಡು ಕಡೆ ಚುಚ್ಚಿ ಸಾಕಾಗಿ ಮೂರನೆಯ ಕಡೆ ತೆಗೆದಿದ್ದೆ. ಪರವಾಗಿಲ್ಲ ಮಗಳೇ, ಇವತ್ತಿಗೆ ಮುಗೀತಲ್ಲ ಅಂದಿದ್ದರು. ಮಾರನೆಯ ದಿನ ಅವರನ್ನು ಮತ್ತೆ ಚುಚ್ಚಲು ಇನ್ನೊಬ್ಬರನ್ನು ಕಳಿಸಿದರು. ಮ್ಯಾನೇಜರ್ ನನ್ನನ್ನು ಬೈಯಲಿಲ್ಲ, ಕೂರಿಸಿ ನೀರು ಕೊಟ್ಟು, ಇನ್ನು ಬರಬೇಡಿ ಅಂದರು.

ಬೈಕನ್ನು ಅಪ್ಪನೇ ಬಿಚ್ಚಿದರು. ಬೇರೆ ಕಡೆ ಒಯ್ಯುತ್ತೇನೆ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ. ಕಿವಿಗೆ ತಿಳಿಯದ್ದು ಬೆರಳಿಗೆ ತಿಳಿಯಿತು. ರಾಡನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದರು. ಆ ದಿನ ಸದ್ದು ಮಾಡ್ತಿತ್ತಾ ಎಂದು ಕೇಳಿದರು. ಇಲ್ಲ ಅಂದೆ. ಮತ್ತೆ ಕೇಳಿದರು. ನನಗೆ ತಲೆಯೆತ್ತಲಾಗಲಿಲ್ಲ. ಅವರು ಆಗ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ನನಗೆ ಕೇಳಿಸಲ್ಲ ಅಂತ ನನಗೆ ಗೊತ್ತಿಲ್ವಾ, ಅದಕ್ಕೇ ಅಲ್ವಾ ಗಾಡಿ ನೋಡೋಕೆ ಹೋದಾಗೆಲ್ಲ ನಿನ್ನನ್ನ ಕರ್ಕೊಂಡು ಹೋಗ್ತಿದ್ದಿದ್ದು, ನಾನು ನೋಡ್ತಿದ್ದಿದ್ದು ನಿನ್ನ ಮುಖ, ನೀನು ಮುಖ ಸಿಂಡರಿಸಿದ್ರೆ ಬೇಡ ಅಂತಿದ್ದೆ, ನಕ್ಕರೆ ತಗೋ ಅಂತಿದ್ದೆ, ನೀನ್ಯಾಕೆ ನಕ್ಕೆ ಅಂದರು. ಇಬ್ಬರೂ ಆ ಬಿಚ್ಚಿದ ಇಂಜಿನ್ನಿನ ಆಚೆ ಈಚೆ ಕೂತಿದ್ದೆವು. ಅಪ್ಪ ಅಳುವುದನ್ನು ನಾನು ನೋಡಿರಲಿಲ್ಲ, ನೀನು ಹೋದಾಗಲೂ.

ಮರುದಿನ ಅವರೇ ಅಂಗಡಿ ಅಂಗಡಿಗೆ ಹೋಗಿ ಹೇಳಿಬಂದರು. ನನ್ನ ಮಾತಿನ ಮೇಲೆ ಯಾರೂ ಗಾಡಿ ಕೊಳ್ಳಬೇಡಿ, ನನ್ನ ಕಿವಿ ಹೋಗಿದೆ ಎಂದು. ಕೈಕೆಲಸ ಇನ್ನೂ ಚೊಕ್ಕಟವಾಗಿದೆ, ಆದರೆ ಒಬ್ಬರೂ ಬರುತ್ತಿಲ್ಲ. ಬೆಳಗ್ಗೆ ಬಾಗಿಲು ತೆಗೆಯುತ್ತಾರೆ, ಸ್ಪ್ಯಾನರುಗಳನ್ನು ಒರೆಸುತ್ತಾರೆ, ಸಂಜೆ ಮುಚ್ಚುತ್ತಾರೆ. ನಾನು ಕೆಲಸ ಕೇಳಲು ಹೋದಲ್ಲೆಲ್ಲ ಬೈಕು ಇದೆಯಾ ಎಂದೇ ಮೊದಲು ಕೇಳುತ್ತಾರೆ. ಮುಂದೆ ಹೇಗೆ ಎಂದು ನನ್ನನ್ನು ಕೇಳಬೇಡ. ದಾರಿ ಕಂಡಿದ್ದರೆ ಬರೆಯುತ್ತಿದ್ದೆ.

ಇನ್ನು ನಿನ್ನ ಸಂಗತಿ. ಬರೆಯಬಾರದು ಎಂದು ಬಹಳ ತಡೆದುಕೊಂಡೆ. ಮನೆ ಬಿಡುವಾಗ ನೀನು, ಗೋಡೆ ಜೊತೆ ಸಂಸಾರ ಮಾಡಿ ಸಾಕಾಯ್ತು, ಮೂರು ಬೀದಿ ಆಚೆಯ ಇಂಜಿನ್ ಕೇಳುತ್ತೆ, ಅಡುಗೆಮನೆಯಲ್ಲಿರೋ ಹೆಂಡತಿ ದನಿ ಕೇಳಲ್ಲ ಎಂದಿದ್ದೆ. ನಾನೂ ನಿನ್ನ ಪಕ್ಷವೇ ಆಗಿದ್ದೆ. ಮೊನ್ನೆ ಅಪ್ಪನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ವರ್ಷಗಟ್ಟಲೆ ಇಂಜಿನ್ನುಗಳ ಮಧ್ಯೆ ಇದ್ದವರಿಗೆ ಹೀಗೇ ಆಗುತ್ತದಂತೆ. ಮೊದಲು ಸಣ್ಣ ದನಿಗಳು ಹೋಗುತ್ತವೆ, ಕುಕ್ಕರಿನ ಸೀಟಿ, ಹಕ್ಕಿ, ಮಕ್ಕಳ ಮಾತು, ಹೆಂಗಸರ ಮಾತು. ದಪ್ಪ ಸದ್ದುಗಳು ಕಡೆಯಲ್ಲಿ. ಅಂದರೆ ಆಗ ಅವರಿಗೆ ಇಂಜಿನ್ ಕೇಳುತ್ತಿತ್ತು, ನಿನ್ನ ದನಿ ಕೇಳುತ್ತಿರಲಿಲ್ಲ, ಈಗ ಇಂಜಿನ್ನೂ ಹೋಯಿತು. ಅದು ಸೊಕ್ಕಾಗಿರಲಿಲ್ಲ ಅಮ್ಮಾ. ನಾನು ಹುಟ್ಟಾ ಗಂಟಲು ಹರಿದುಕೊಳ್ಳುವವಳು, ಎದುರಿಗೇ ನಿಂತು ಮಾತಾಡುವವಳು, ಅದಕ್ಕೇ ನನಗೆ ಉತ್ತರ ಸಿಗುತ್ತಿತ್ತು. ನೀನು ಮೆಲುದನಿಯವಳು. ಯಾಕೆ ಹೇಳಲಿಲ್ಲ ಎಂದು ಅಪ್ಪನನ್ನು ಕೇಳಿದೆ. ಕಿವಿಯಿಂದ ಅನ್ನ ತಿನ್ನೋನು ಕಿವುಡ ಅಂತ ಹೇಗೆ ಹೇಳಲಿ ಅಂದರು.

ನಿನ್ನನ್ನು ಚುಚ್ಚಲು ಬರೆದಿಲ್ಲ. ನೀನೀಗ ನಿನ್ನ ಮಾತಿಗೆ ಉತ್ತರ ಸಿಗುವ ಮನೆಯಲ್ಲಿದ್ದೀಯ. ಅಲ್ಲೇ ಇರು. ಒಬ್ಬಳೇ ಇದನ್ನು ಹೊತ್ತುಕೊಂಡಿರಲಾಗಲಿಲ್ಲ, ಅದಕ್ಕೆ ನಿನ್ನ ತಲೆಗೂ ಕಟ್ಟುತ್ತಿದ್ದೇನೆ. ಹಣ ಕಳಿಸಬೇಡ, ಅಪ್ಪನಿಗೆ ಗೊತ್ತಾದರೆ ಊಟ ಬಿಡುತ್ತಾರೆ.

ನಿನ್ನ ಮಡಿಲಿಗೆ ತಲೆಯಿಟ್ಟು,
ನಿನ್ನ ಗಟ್ಟಿಬಾಯಿ ಮಗಳು

ಮರೆತಿದ್ದೆ, ಅಲ್ಲ, ಬರೆಯಲೋ ಬೇಡವೋ ಎಂದಿದ್ದೆ: ಮನೆ ಬಿಟ್ಟು ಹೋದ ಹೊಸತರಲ್ಲಿ ನೀನು ಅಪ್ಪನಿಗೆ ಒಂದು ಸಲ ಫೋನ್ ಮಾಡಿದ್ದೆಯಲ್ಲ. ಬಾ ಅಂದ್ರೆ ಈಗಲೇ ಹೊರಟು ಬರ್ತೀನಿ, ನಾನು ಬರೋದು ಬೇಡವಾ ಎಂದು ಕೇಳಿದ್ದಕ್ಕೆ ಅವರು ಹೂಂ, ಆಯ್ತು ಎಂದು ಫೋನ್ ಇಟ್ಟುಬಿಟ್ಟರು ಎಂದು ನೀನೇ ನನಗೆ ಹೇಳಿ ಅತ್ತಿದ್ದೆ. ಇವತ್ತು ಊಟಕ್ಕೆ ಕೂತಾಗ ಅಪ್ಪ ಇದ್ದಕ್ಕಿದ್ದಂತೆ, ಆವತ್ತು ನಿಮ್ಮಮ್ಮ ಫೋನಲ್ಲಿ ಏನಂದಳು, ನನಗೆ ಒಂದಕ್ಷರ ಕೇಳಿಸಲಿಲ್ಲ, ನಿನಗೇನಾದ್ರೂ ಗೊತ್ತಾ ಎಂದು ಕೇಳಿದರು. ನಾನು ಅವರ ಬಲಗಿವಿಯ ಹತ್ತಿರ ಬಾಯಿಟ್ಟು, ಕ್ಷೇಮವಾಗಿ ತಲುಪಿದೆ ಅಂತ ಹೇಳೋಕೆ ಮಾಡಿದ್ದಳು ಅಂದೆ. ಅಷ್ಟೇನಾ ಅಂದರು. ಅಷ್ಟೇ ಅಂದೆ. ಸದ್ಯ, ನಾನು ಏನೇನೋ ಅಂದ್ಕೊಂಡು ಇಷ್ಟು ವರ್ಷ ಕೊರಗಿದೆ ಎಂದು, ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಉಂಡರು.